ಮುಚ್ಚಳದ ಮೇಲಿನ ವಿಭೂತಿ

ಇಂಜಿನ್ನಿನ ಸದ್ದಿಗೆ ನಾನು ಹೆದರುವುದಿಲ್ಲ. ಸದ್ದು ನಿಂತರೆ ಹೆದರುತ್ತೇನೆ. ಇಳಿಜಾರಿನಲ್ಲಿ ಬಸ್ಸಿನ ಡ್ರೈವರು ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿದರೆ ಇವತ್ತಿಗೂ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಪಕ್ಕದಲ್ಲಿ ಕೂತವರು ನೋಡಿ ನಗುತ್ತಾರೆ. ಕಾರಣ ಹೇಳಲು ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಊರೇ ಬಂದುಬಿಡುತ್ತದೆ. ಅದಕ್ಕೆ ಹೇಳುವುದಿಲ್ಲ. ಬರೆದರೆ ಯಾರೂ ಮಧ್ಯದಲ್ಲಿ ಇಳಿದು ಹೋಗುವುದಿಲ್ಲ ಎಂದು ಈಗ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಗಂಡ ಭದ್ರಾವತಿಯಲ್ಲಿ ವಿಮಾನ ಕಟ್ಟಿದ್ದರು. ಆಟದ ವಿಮಾನವಲ್ಲ, ಒಬ್ಬ ಮನುಷ್ಯ ಕೂತು ಹಾರಿಸುವ ವಿಮಾನ. ಕನ್ನಡನಾಡೆಲ್ಲ ಒಂದು ರಾಜ್ಯವಾದ ಹೊಸದರಲ್ಲಿ. ಭಾವ ಆಗ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿದ್ದರು. ಯುದ್ಧದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ವಿಮಾನದ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಮಾಡಿದ್ದರು, ಯುದ್ಧ ಮುಗಿದ ಮೇಲೆ ಅಲ್ಲೇ ಒಬ್ಬರ ಹತ್ತಿರ ಹಾರಿಸುವುದನ್ನೂ ಕಲಿತಿದ್ದರು. ಊರಿಗೆ ಬಂದ ಮೇಲೂ ಅದು ಅವರ ತಲೆಯಿಂದ ಇಳಿಯಲಿಲ್ಲ.

ಓಲ್ಡ್ ಟೌನಿನಲ್ಲಿ ಅವರ ಮನೆ. ಹಿತ್ತಲಲ್ಲಿ ಹಿಂದೊಮ್ಮೆ ಗಾಣ ತಿರುಗುತ್ತಿದ್ದ ಉದ್ದನೆಯ ಶೆಡ್ಡು. ಎತ್ತು ಸುತ್ತು ಹಾಕಿದ ಗುರುತು ನೆಲದಲ್ಲಿ ಇನ್ನೂ ಇತ್ತು, ಎಣ್ಣೆಯ ವಾಸನೆಯೂ ಇತ್ತು. ಆ ಶೆಡ್ಡಿನಲ್ಲಿ ವಿಮಾನ ಬೆಳೆಯಿತು. ನಾನು ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮತ್ತೆ ಪುಸ್ತಕ ಹಿಡಿದು ಮೆಟ್ರಿಕ್ ಮಾಡಿಕೊಂಡಿದ್ದು ಇದೆಲ್ಲ ಆಗಿ ಎಷ್ಟೋ ವರ್ಷಕ್ಕೆ. ರೆಕ್ಕೆಗೆ ಬೇಕಾದ ಗಂಟಿಲ್ಲದ ಹಗುರ ಮರದ ಪಟ್ಟಿಗಳನ್ನು ಆರಿಸಿ ತಂದುಕೊಡುವುದು ನನ್ನ ಪಾಲಿನ ಕೆಲಸ. ಅಕ್ಕ ಹೊಲಿಗೆ ಮೆಷಿನ್ನಿನಲ್ಲಿ ರೆಕ್ಕೆಯ ಬಟ್ಟೆ ಹೊಲಿದಳು. ಬಟ್ಟೆ ನಡುಮನೆಯೆಲ್ಲ ಹರಡಿಕೊಂಡಿತ್ತು. ಬೀದಿಯ ಹೆಂಗಸರು ಬಂದು, ಇಷ್ಟು ದೊಡ್ಡ ಅಂಗಿ ಯಾವ ರಾಕ್ಷಸನಿಗೆ ಎಂದು ಕೇಳಿ ಹೋಗುತ್ತಿದ್ದರು.

ಇನ್ನೊಬ್ಬ ಜೊತೆಗಾರ ಇದ್ದ. ಕಾರ್ಖಾನೆಯ ಫಿಟ್ಟರು, ಸೇಲಂ ಕಡೆಯವನು. ಕೆಲಸ ಚೆನ್ನಾಗಿ ಮಾಡುತ್ತಿದ್ದ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಮೇಲೆ ಹೋಗಕ್ಕೆ ಎಲ್ಲಾರ್ಗೂ ದಾರಿ ಇದೆ ಅಣ್ಣ, ಕೆಳಗೆ ಬರಕ್ಕೆ ನೋಡ್ಕೊಳ್ಳಿ" ಎಂದು ಭಾವನಿಗೆ ಹೇಳುತ್ತಿದ್ದ. ಭಾವ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನಗೆ ಮೊದಲಿನಿಂದಲೂ ಹೆದರಿಕೆ. ಮರ ನಾನು ತಂದದ್ದು, ಬಟ್ಟೆ ಅಕ್ಕ ಹೊಲಿದದ್ದು. ಬೆರಳಲ್ಲಿ ಬಾರಿಸಿದರೆ ತಮಟೆಯ ಹಾಗೆ ಸದ್ದು ಮಾಡುವ ಆ ರೆಕ್ಕೆಯ ಮೇಲೆ ಒಂದು ಜೀವ ಕೂತು ಗಾಳಿಯಲ್ಲಿ ನಿಲ್ಲುತ್ತದೆ ಎಂಬುದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಹೊಳೆಹೊನ್ನೂರು ರಸ್ತೆಯ ಪಕ್ಕದ ಗೋಮಾಳದಲ್ಲಿ ಭಾವ ಅದನ್ನು ಓಡಿಸಿ ನೋಡುತ್ತಿದ್ದರು. ಆಚೆ ಕೊನೆಯವರೆಗೆ ಓಡಿಸುವುದು, ಆಳೆತ್ತರ ಎದ್ದು ಇಳಿಸುವುದು, ಮತ್ತೆ ತಿರುಗಿಸಿ ತರುವುದು. ಚಕ್ರ ನೆಲ ಬಿಟ್ಟಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ, ಸದ್ದು ಕೇಳುತ್ತಿದೆಯಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಸದ್ದು ಇರುವವರೆಗೆ ಅವರು ಇದ್ದಾರೆ ಎಂದು ಲೆಕ್ಕ. ಒಮ್ಮೆ ಅವರಿಗೆ ಇದನ್ನು ಹೇಳಿಯೂಬಿಟ್ಟೆ. ಅವರು ನನ್ನ ಬೆನ್ನಿಗೆ ಗುದ್ದಿ, "ನೆಲದ ಮೇಲೆ ನಿಂತೋನಿಗೇ ಹೆದ್ರಿಕೆ ಜಾಸ್ತಿ ಮಾರಾಯ. ಮೇಲೆ ಕೂತೋನಿಗೆ ಕೈತುಂಬ ಕೆಲ್ಸ ಇರ್ತದೆ" ಎಂದರು.

ಬೆಂಗಳೂರಿನಿಂದ ವಿಮಾನ ಇಲಾಖೆಯ ಆಫೀಸರು ಬಂದು ನೋಡಿ ಒಪ್ಪಿದ ಮೇಲೆ ಎತ್ತರಕ್ಕೆ ಹಾರಿಸಬೇಕೆಂದು ಮಾತಾಗಿತ್ತು. ಅವರು ಬರುತ್ತೇವೆ ಎಂದವರು ಬರಲಿಲ್ಲ. ಅಷ್ಟರಲ್ಲಿ ದಸರಾ ಬಂತು. ವಿಜಯದಶಮಿಯ ದಿನ ಹೊಸ ಕೆಲಸಕ್ಕೆ ಬೇರೆ ಮುಹೂರ್ತ ನೋಡಬೇಕಾಗಿಲ್ಲ ಎಂದು ಭಾವನ ತಾಯಿ ಹೇಳಿದರು. ಭಾವನಿಗೆ ಅಷ್ಟೇ ಸಾಕಾಗಿತ್ತು.

ಭದ್ರಾವತಿಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಹಬ್ಬವಲ್ಲ. ಕಬ್ಬಿಣ ತಿನ್ನುವ ಊರು ಅದು. ಲೇತ್ ಮೆಷಿನ್ನಿಗೆ, ಕ್ರೇನಿಗೆ, ಸೈಕಲ್ಲಿಗೆ, ಮನೆಯ ಈಳಿಗೆಮಣೆಗೂ ಪೂಜೆ. ನಮ್ಮ ಮನೆಗಳಲ್ಲಿ ಮೊದಲು ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಅಡ್ಡ ಎಳೆದು, ನಡುವೆ ಕುಂಕುಮ ಇಡುವುದು ಪದ್ಧತಿ. ಪೂಜೆ ಆದ ಮೇಲೆ ಆ ದಿನ ಯಾವ ಸಾಮಾನನ್ನೂ ಮುಟ್ಟುವ ಹಾಗಿಲ್ಲ. ಹಚ್ಚಿದ್ದನ್ನು ಒರೆಸುವ ಹಾಗೂ ಇಲ್ಲ, ತಾನಾಗಿಯೇ ಉದುರಬೇಕು. ಇನ್ನೊಂದು ಮಾತನ್ನು ಭಾವನ ತಾಯಿ ಹೇಳುತ್ತಿದ್ದರು. ಬರಿದಾದ ಪಾತ್ರೆಗೆ ಪೂಜೆ ಮಾಡಬಾರದು ಎಂದು. ಹಾಗಾಗಿ ಭಾವ ಹಿಂದಿನ ದಿನವೇ ಟ್ಯಾಂಕಿಗೆ ಪೆಟ್ರೋಲ್ ತುಂಬಿ ಮುಚ್ಚಳ ಬಿಗಿದಿಟ್ಟಿದ್ದರು.

ಶೆಡ್ಡಿನ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದೆವು. ಅಕ್ಕ ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಬಂದಳು. ಮರುದಿನ ವಿಮಾನದ ಮುಂದಿನ ಫ್ಯಾನಿನ ಗಾಳಿಗೆ ಕುಂಕುಮ ಹಾರಿಹೋದರೆ ಅಪಶಕುನ ಎಂದು ಹರಳೆಣ್ಣೆಯಲ್ಲಿ ಕಲಸಿಕೊಂಡಿದ್ದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಅವಳದೇ ಯೋಚನೆ. ರೆಕ್ಕೆಗೆ, ಚಕ್ರಕ್ಕೆ, ಬಾಲಕ್ಕೆ ಹಚ್ಚಿ ಮೂತಿಯ ಹತ್ತಿರ ಬಂದಳು. ಪೆಟ್ರೋಲ್ ಟ್ಯಾಂಕು ಇದ್ದದ್ದು ಮೂತಿಯೊಳಗೆ. ಅದರ ಹಿತ್ತಾಳೆ ಮುಚ್ಚಳ ಕೂರುವವನ ಕಣ್ಣಿನ ಮುಂದೆ, ಗಾಜಿಗೆ ಸ್ವಲ್ಪ ಆಚೆ, ಎದ್ದು ಕಾಣುವ ಹಾಗೆ ಇತ್ತು. ಅಕ್ಕ ಮುಚ್ಚಳ ಬಿಟ್ಟು ಪಕ್ಕದ ತಗಡಿಗೆ ಕೈ ಚಾಚಿದಳು. ಭಾವ ತಡೆದರು.

"ಅಲ್ಲಲ್ಲ ಕಣೇ, ಮುಚ್ಚಳಕ್ಕೆ ಹಚ್ಚು."

"ಅಲ್ಲಿ ಬೇಡ ರೀ, ಪೆಟ್ರೋಲ್ ವಾಸ್ನೆ. ಇಲ್ಲಿ ತಗಡಿನ ಮೇಲೆ ಹಚ್ತೀನಿ."

"ಹಣೆ ಬಿಟ್ಟು ಕೆನ್ನೆಗೆ ಯಾರಾದ್ರೂ ವಿಭೂತಿ ಹಚ್ತಾರೇನೆ? ಅದೇ ಅದ್ರ ಹಣೆ. ಅಲ್ಲೇ ಹಚ್ಚು."

ನಾನೂ ಫಿಟ್ಟರೂ ನಕ್ಕೆವು. ಅಕ್ಕನೂ ನಕ್ಕಳು. ಮೂರು ಬೆರಳು ಎಳೆದಳು, ನಡುವೆ ದಪ್ಪಗೆ ಕುಂಕುಮ ಒತ್ತಿದಳು. ಆ ಹಿತ್ತಾಳೆಯ ಹಣೆ ನಿಜವಾಗಿಯೂ ಚೆನ್ನಾಗಿ ಕಂಡಿತು. ಭಾವ ಕೈ ಮುಗಿದು ತಲೆ ಬಗ್ಗಿಸಿದರು. ಮಂಗಳಾರತಿಯಾಗಿ ಶೆಡ್ಡಿನ ಬಾಗಿಲು ಹಾಕಿದೆವು.

ವಿಜಯದಶಮಿಯ ಬೆಳಿಗ್ಗೆ ಗೋಮಾಳದಲ್ಲಿ ಜನ ಸೇರಿದ್ದರು. ಕಾರ್ಖಾನೆಗೆ ರಜೆ. ಹೊಳೆಹೊನ್ನೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಮುಟ್ಟಬೇಡಿ ಎಂದು ಕೂಗಿ ಕೂಗಿ ಫಿಟ್ಟರನ ಗಂಟಲು ಒಡೆದಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಭಾವ ಒಳಗೆ ಹತ್ತಿ ಕೂತರು. ಫಿಟ್ಟರು ಫ್ಯಾನು ಎಳೆದು ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಹಿಡಿಯದೆ ಹೋಗಲಿ, ಇವತ್ತಿಗೆ ಬೇಡ ಎಂದಾಗಲಿ ಎಂದು ಅಲ್ಲಿಯವರೆಗೂ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಓಡಿತು. ಚಕ್ರ ನೆಲ ಬಿಟ್ಟಿತು. ಈ ಸಲ ಆಳೆತ್ತರಕ್ಕೆ ನಿಲ್ಲಲಿಲ್ಲ. ಜಾಲಿ ಮರಗಳಿಗಿಂತ ಮೇಲೆ, ಅದಕ್ಕೂ ಮೇಲೆ ಹೋಯಿತು. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಜನ ಶಿಳ್ಳೆ ಹಾಕಿದರು. ಅಕ್ಕ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು, ಇಡುವುದು ಮರೆತಿತ್ತು. ವಿಮಾನ ಹೊಳೆಯ ಕಡೆ ತಿರುಗಿತು. ಸದ್ದು ಸಣ್ಣದಾಯಿತು, ಆದರೆ ಇತ್ತು. ನಾನು ಅದನ್ನೇ ಹಿಡಿದುಕೊಂಡು ನಿಂತಿದ್ದೆ.

ಮೊದಲು ಕೆಮ್ಮಿದ ಹಾಗೆ ಒಂದು ಸದ್ದು. ಮತ್ತೆ ಸರಿಯಾಯಿತು. ಮತ್ತೆ ಕೆಮ್ಮು. ಆಮೇಲೆ ಇಲ್ಲ.

ಅಷ್ಟು ಜನರಿದ್ದ ಬಯಲಿನಲ್ಲಿ ಎಲ್ಲೋ ದೂರದ ದನದ ಕೊರಳಗಂಟೆ ಕೇಳಿಸಿತು. ವಿಮಾನ ಮೇಲೆಯೇ ಇತ್ತು, ಬೀಳುತ್ತಿರಲಿಲ್ಲ, ಗಾಳಿಪಟದ ಹಾಗೆ ತೇಲುತ್ತಿತ್ತು. ಅದೇ ಹೆಚ್ಚು ಭಯ ಹುಟ್ಟಿಸಿತು. ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಯಾಕೋ ಸದ್ದು ನಿಂತ್ಹೋಯ್ತು?"

ಭಾವ ಬಯಲಿಗೆ ವಾಪಸು ಬರಲು ನೋಡಿದರು ಅಂತ ಕಾಣುತ್ತದೆ. ವಿಮಾನ ನಮ್ಮ ಕಡೆ ತಿರುಗುತ್ತಿದ್ದ ಹಾಗೆ ಒಂದು ರೆಕ್ಕೆ ಕೆಳಗಾಯಿತು. ಹಾಗೇ ಜಾಲಿ ಮರಗಳ ಹಿಂದೆ ಇಳಿದು ಹೋಯಿತು. ಮರ ಮುರಿದ ಸದ್ದು ಆಮೇಲೆ ಬಂತು. ಸಾಮಿಲ್ಲಿನಲ್ಲಿ ದಿನಾ ಕೇಳುವ ಸದ್ದು ಅದು.

ಅವರನ್ನು ಹೊರಗೆ ತೆಗೆದಾಗ ಉಸಿರಿತ್ತು. ಯಾರದೋ ಮರಳಿನ ಲಾರಿ ಸಿಕ್ಕಿತು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊರಟೆವು. ಲಾರಿಯ ಹಿಂಭಾಗದಲ್ಲಿ ಭಾವನ ತಲೆ ನನ್ನ ತೊಡೆಯ ಮೇಲೆ, ಕಾಲು ಫಿಟ್ಟರನ ತೊಡೆಯ ಮೇಲೆ. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಭಯ, ಈ ಲಾರಿಯ ಇಂಜಿನ್ ನಿಂತರೆ ಎಂದು. ಅದು ನಿಲ್ಲಲಿಲ್ಲ. ತುಂಗಾ ಸೇತುವೆ ಕಾಣುವ ಹೊತ್ತಿಗೆ ಭಾವನ ಉಸಿರು ನಿಂತಿತ್ತು. ಅದು ನನಗೆ ಕೈಯಲ್ಲೇ ಗೊತ್ತಾಯಿತು. ಆದರೂ ಆಸ್ಪತ್ರೆಯ ಬಾಗಿಲವರೆಗೆ ಯಾರಿಗೂ ಹೇಳದೆ ತಲೆ ಹಿಡಿದುಕೊಂಡು ಕೂತಿದ್ದೆ.

ತಿಥಿಯೆಲ್ಲ ಮುಗಿದ ಮೇಲೆ ಬೆಂಗಳೂರಿನ ಆಫೀಸರು ಬಂದರು. ಆಗ ಬಾರದವರು ಈಗ ಬಂದರಲ್ಲ ಎಂದು ನನಗೆ ಸಿಟ್ಟಿತ್ತು. ಆದರೆ ಮನುಷ್ಯ ಒಳ್ಳೆಯವರು. ಬಂದವರು ಮೊದಲು ಭಾವನ ತಾಯಿಯ ಎದುರು ಕೈ ಮುಗಿದರು. ಶೆಡ್ಡಿನಲ್ಲಿ ರಾಶಿ ಹಾಕಿದ್ದ ಮುರುಕುಗಳನ್ನೆಲ್ಲ ಒಬ್ಬರೇ ಬಿಡಿಸಿ ನೋಡಿದರು. ಆಮೇಲೆ ನಡುಮನೆಗೆ ಬಂದು ಕೂತು ನನ್ನನ್ನೂ ಫಿಟ್ಟರನ್ನೂ ಕರೆದರು. ಭಾವನ ತಾಯಿ ಒಳಕೋಣೆಯಲ್ಲಿ ಮಲಗಿದ್ದರು. ಅಕ್ಕ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಳು. ಆಫೀಸರ ಅಂಗೈಯಲ್ಲಿ ಆ ಹಿತ್ತಾಳೆ ಮುಚ್ಚಳ ಇತ್ತು.

ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದಂತೆ. ಪೆಟ್ರೋಲ್ ಕೆಳಗೆ ಇಳಿಯುತ್ತಿದ್ದ ಹಾಗೆ ಮೇಲಿನಿಂದ ಗಾಳಿ ಒಳಗೆ ಬರಬೇಕು. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಇನ್ನೊಂದು ಕಡೆ ಹೊಡೆದರೆ ಸುರಿಯುತ್ತದೆ, ಹಾಗೆ. ಆ ತೂತಿನ ಮೇಲೆ ವಿಭೂತಿ ಒಣಗಿ ಗಾರೆಯಾಗಿತ್ತು. ಅದರ ಮೇಲೆ ಎಣ್ಣೆಯ ಕುಂಕುಮ ಅರಗಿನ ಹಾಗೆ ಕೂತಿತ್ತು. ಶುರುವಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಬಂದಿದೆ, ಆಮೇಲೆ ಬರುವುದು ನಿಂತಿದೆ. ಆಫೀಸರು ಇದನ್ನೆಲ್ಲ ನಿಧಾನವಾಗಿ ತಿಳಿಸಿ ಹೇಳಿ ಕೊನೆಗೆ ಕೇಳಿದರು.

"ಈ ಮುಚ್ಚಳಕ್ಕೆ ಯಾರ್ರೀ ಹಚ್ಚಿದ್ದು?"

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಅಕ್ಕ ಬಾಗಿಲ ಹಿಂದೆ ಇದ್ದಾಳೆಯೇ, ಹಿತ್ತಲಿಗೆ ಹೋದಳೇ ಗೊತ್ತಾಗಲಿಲ್ಲ.

"ಪೂಜೆ ಸಾರ್. ಮನೆಯೋರೆಲ್ಲ ಸೇರಿ ಮಾಡಿದ್ದು" ಎಂದೆ.

ಆಫೀಸರು ಅಡುಗೆಮನೆಯ ಬಾಗಿಲು ನೋಡಿದರು, ನನ್ನನ್ನು ನೋಡಿದರು. ದನಿ ತಗ್ಗಿಸಿ, "ಇಂಜಿನ್ನಿಗೆ ಪೆಟ್ರೋಲ್ ಬರ್ಲಿಲ್ಲ ಅಂತ ಬರೀತೀನಿ. ಅದು ಸುಳ್ಳಲ್ಲ. ಅಷ್ಟು ಸಾಕು" ಎಂದು ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅಕ್ಕ ಕಾಫಿ ತಂದಿಟ್ಟಳು. ಮುಖ ನೋಡಿದೆ. ಅಷ್ಟು ದಿನ ಇದ್ದ ಮುಖವೇ ಇತ್ತು.

ಅಲ್ಲಿಂದ ಶುರುವಾದ ಭಯ ನಾನು ಮೊದಲು ಪಟ್ಟ ಭಯದ ಹಾಗಿರಲಿಲ್ಲ. ಇದು ಸದ್ದಿಲ್ಲದ ಭಯ. ತನ್ನ ಬೆರಳೇ ಆ ತೂತು ಮುಚ್ಚಿತು ಎಂದು ಅಕ್ಕನಿಗೆ ತಿಳಿದರೆ ಅವಳು ಬದುಕುತ್ತಾಳೆಯೇ? ಮನೆಯ ಮುಂದೆ ಹತ್ತು ಹೆಜ್ಜೆಗೆ ಭದ್ರಾ ಹೊಳೆ. ಅವಳು ಬಟ್ಟೆ ಒಗೆಯಲು ಹೋದರೆ ನಾನೂ ಏನಾದರೂ ನೆಪ ಮಾಡಿಕೊಂಡು ಹಿಂದೆ ಹೋಗುತ್ತಿದ್ದೆ. ಒಂದು ದಿನ ಅವಳು ತಿರುಗಿ ನೋಡಿ, ನಿನಗೆ ಸಾಮಿಲ್ಲಿನಲ್ಲಿ ಕೆಲಸ ಇಲ್ಲವೇ, ಬಟ್ಟೆ ಹಿಂಡಲು ಬಾ ಹಾಗಾದರೆ ಎಂದಳು. ಹೋಗಿ ಹಿಂಡಿದೆ. ಅತ್ತ ಹೆಂಗಸರು ನಗುತ್ತಿದ್ದರು.

ಫಿಟ್ಟರನ ಬಾಯಿಯ ಭಯ ಬೇರೆ. ಅವನನ್ನು ಸಂತೆಯಲ್ಲಿ ಹಿಡಿದು ಕೇಳಿಕೊಂಡೆ. ಅವನು ನನ್ನ ಭುಜ ಹಿಡಿದು, "ನಾನು ಬಾಯಿ ಬಿಡಲ್ಲ ತಂಬಿ. ಕುಡಿಯೋದೇ ಬಿಟ್ಟಿದೀನಿ, ಅದಕ್ಕೇ" ಎಂದ. ಮುಂದೆ ಅವನು ಕೆಲಸ ಬಿಟ್ಟು ಊರಿಗೆ ಹೋದ. ಮಾತಿಗೆ ತಪ್ಪಲಿಲ್ಲ.

ಆದರೆ ಭಾವನ ತಾಯಿಯ ಬಾಯಿ ಕಟ್ಟುವವರು ಯಾರು? ಅವರಿಗೆ ತೂತಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪೂಜೆ ಮಾಡಿದ್ದು ಸೊಸೆ ಎಂಬುದಷ್ಟೇ. ಇವಳ ಕೈಗುಣ, ಇವಳು ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಬಂದವರ ಎದುರೆಲ್ಲ ಹೇಳಿ ಅಳುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿ, ಅವರಿಗೂ ಯಾರಾದರೂ ಬೇಕಿತ್ತು. ಅವರು ಹಾಗೆ ಅಂದಾಗಲೆಲ್ಲ ಹೆದರುತ್ತಿದ್ದೆ. ಕುರುಡಾಗಿ ಎಸೆದ ಕಲ್ಲು ಸರಿಯಾದ ಜಾಗಕ್ಕೇ ಬೀಳುತ್ತಿದೆಯಲ್ಲ ಎಂದು. ಅಕ್ಕ ತಲೆ ತಗ್ಗಿಸಿ ರೊಟ್ಟಿ ತಟ್ಟುತ್ತಿದ್ದಳು. ಭಾವನೇ ಅಲ್ಲಿ ಹಚ್ಚು ಎಂದು ತೋರಿಸಿದ್ದರಲ್ಲ, ಅದನ್ನಾದರೂ ಹೇಳಬಾರದೇ ಎಂದು ನನಗೆ ಅನ್ನಿಸುತ್ತಿತ್ತು. ಅವಳು ಹೇಳಲಿಲ್ಲ. ಏನೂ ಗೊತ್ತಿಲ್ಲದ್ದರಿಂದ ಹೇಳುತ್ತಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಭಾವನ ತಾಯಿ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆ ಬಂದಳು. ನಾನು ಆಗ ಶಿವಮೊಗ್ಗದ ಒಂದು ಮರದ ಡಿಪೋದಲ್ಲಿ ಮೇಸ್ತ್ರಿಯಾಗಿದ್ದೆ, ಮದುವೆಯೂ ಆಗಿತ್ತು. ಕುಂಸಿಯ ಕಡೆ ಮರ ನೋಡಲು ಓಡಾಡಬೇಕೆಂದು ಹಳೆಯದೊಂದು ಮೋಟರ್ ಬೈಕ್ ಕೊಂಡೆ. ಅದನ್ನು ಮನೆಗೆ ತಂದ ದಿನ ಅಕ್ಕ ಅದರ ಸುತ್ತ ಒಂದು ಸುತ್ತು ಬಂದಳು. ಚೆನ್ನಾಗಿದೆ ಎಂದಳು. ಆಮೇಲೆ, ಪೆಟ್ರೋಲ್ ಎಲ್ಲಿಗೆ ಹಾಕುತ್ತಾರೆ ಎಂದು ಕೇಳಿದಳು. ತೋರಿಸಿದೆ.

ಆಯುಧಪೂಜೆ ಬಂದಾಗ ನನಗೆ ಹಿಂದಿನ ದಿನದಿಂದಲೇ ಊಟ ಸೇರಲಿಲ್ಲ. ಅಕ್ಕ ಕುಂಕುಮ ಮುಟ್ಟುವುದನ್ನು ಬಿಟ್ಟಿದ್ದಳು, ಆಗಿನ ಪದ್ಧತಿ. ವಿಭೂತಿಗೆ ಅಡ್ಡಿಯಿರಲಿಲ್ಲ. ಆದರೂ ಅವಳು ಬಟ್ಟಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಹಿಂದೆ ಸರಿದು ನಿಂತಳು. ಹೆಂಡತಿ ಹೆಡ್‌ಲೈಟಿಗೆ, ಹ್ಯಾಂಡಲ್ಲಿಗೆ ಹಚ್ಚಿ ಟ್ಯಾಂಕಿನ ಮುಚ್ಚಳದ ಮೇಲೂ ಮೂರು ಬೆರಳು ಎಳೆದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಮರುದಿನ ಹೊರಡುವ ಮುಂಚೆ ಒರೆಸಿಬಿಟ್ಟರಾಯಿತು ಎಂದು ನಾನು ಸುಮ್ಮನಿದ್ದೆ.

ಬೆಳಿಗ್ಗೆ ಬಟ್ಟೆ ಚೂರು ಹಿಡಿದು ಹೊರಗೆ ಬಂದೆ. ಅಕ್ಕ ಬೈಕಿನ ಮೇಲೆ ಬಗ್ಗಿ ನಿಂತಿದ್ದಳು. ಸೆರಗಿನಿಂದ ಬಿಚ್ಚಿದ ಸೇಫ್ಟಿ ಪಿನ್ನಿನ ಮೊನೆಯನ್ನು ಪೆಟ್ರೋಲ್ ಮುಚ್ಚಳದ ತೂತಿಗೆ ಹಾಕಿ ಮೆಲ್ಲಗೆ ತಿರುಗಿಸುತ್ತಿದ್ದಳು. ತೆಗೆದು, ಬಾಯಲ್ಲಿ ಊದಿ, ಮತ್ತೆ ಹಾಕಿದಳು. ಮೊದಲ ಸಲ ಮಾಡುವವರ ಕೈ ಹಾಗಿರುವುದಿಲ್ಲ. ಬೈಕ್ ಬಂದ ದಿನದಿಂದಲೂ ನಾನು ಹೊರಡುವ ಮುಂಚೆ ದಿನಾ ಮಾಡುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು.

"ಅವತ್ತು ಕೇಳಿಸ್ಕೊಂಡ್ಯಾ?" ಎಂದೆ.

"ಬಾಗ್ಲ ಹಿಂದೇನೇ ಇದ್ನಲ್ಲೋ. ಕಾಫಿ ಉಕ್ಕಿಹೋಯ್ತು, ಮತ್ತೆ ಇಟ್ಟೆ."

"ಮತ್ತೆ ಅತ್ತೆ ಅಷ್ಟೆಲ್ಲ ಅನ್ನೋವಾಗ? ಭಾವನೇ ತೋರ್ಸಿದ್ದು, ನೀನು ಬೇಡ ಅಂದಿದ್ದೆ ಅಂತ ಒಂದ್ಮಾತು ಹೇಳ್ಬಾರ್ದಾಗಿತ್ತಾ?"

ಅವಳು ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು.

"ಏನಂತ ಹೇಳ್ಲೋ? ಅಷ್ಟು ವರ್ಷ ಇಂಜಿನ್ ಬಿಚ್ಚಿದೋರು ಒಂದು ತೂತು ಮರೆತ್ರು ಅಂತಲಾ? ನನ್ ಕೈಗುಣ ಸರಿಯಿಲ್ಲ ಅಂದ್ರೆ ಜನ ಎರಡು ದಿನ ಆಡ್ತಾರೆ. ಅವ್ರಿಗೆ ಕೆಲ್ಸ ಗೊತ್ತಿರ್ಲಿಲ್ಲ ಅಂದ್ರೆ ಏನುಳೀತದೆ ಅವ್ರದ್ದು? ಅದೊಂದೇ ಅಲ್ವೇನೋ ಅವ್ರು ಇಟ್ಕೊಂಡಿದ್ದು." ಆಮೇಲೆ, "ನೀನು ಎಲ್ಲಿ ಬಾಯ್ಬಿಡ್ತೀಯೋ ಅಂತ ನಂಗೆ ಹೆದ್ರಿಕೆ. ಹೊಳೆಗೂ ಬೆನ್ನ್ ಹತ್ತಿ ಬರ್ತಿದ್ದೆ, ಹೇಳಕ್ಕೇ ಬಂದೆ ಅನ್ಕೋತಿದ್ದೆ" ಎಂದಳು.

ನಾನು ಅವಳಿಗಾಗಿ ಹೆದರಿಕೊಂಡು ಕಳೆದ ಅಷ್ಟೂ ವರ್ಷ ಅವಳು ನನಗೆ ಹೆದರಿಕೊಂಡಿದ್ದಳು. ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡಳು. ಕೊಟ್ಟೆ. ಅವಳು ಇರುವವರೆಗೆ ನನ್ನ ಹೆಂಡತಿಗೂ ಹೇಳಲಿಲ್ಲ. ಓಲ್ಡ್ ಟೌನಿನಲ್ಲಿ ಹಳಬರು ಸಿಕ್ಕಿದರೆ ಈಗಲೂ ಭಾವನ ಸುದ್ದಿ ತೆಗೆಯುತ್ತಾರೆ. ಏನು ಕೈ ಅದು, ದೇವರು ಕೊಡಲಿಲ್ಲ ನೋಡಿ ಎನ್ನುತ್ತಾರೆ. ಹೌದು ಎನ್ನುತ್ತೇನೆ. ಹೌದು ಕೂಡ. ಆ ವಿಮಾನ ಹಾರಿತ್ತು, ಜಾಲಿ ಮರಗಳಿಗಿಂತ ಎಷ್ಟೋ ಮೇಲೆ, ನಾನು ಕಣ್ಣಾರೆ ನೋಡಿದ್ದೇನೆ. ಇಲ್ಲಿ ಯಾರ ಹೆಸರನ್ನೂ ಬರೆಯದೆ ಇರುವುದು ಅಕ್ಕನಿಗೆ ಕೊಟ್ಟ ಮಾತಿನಲ್ಲಿ ಉಳಿಸಿಕೊಳ್ಳಬಹುದಾದ ಭಾಗ.

ಅವತ್ತು ಬೈಕ್ ಹತ್ತಿ ಕುಂಸಿಗೆ ಹೊರಟಾಗ ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ರಸ್ತೆಯ ತಿರುವಿನಲ್ಲಿ ನೋಡಿದರೆ ಇನ್ನೂ ಅಲ್ಲೇ ಇದ್ದಳು, ಕತ್ತು ಸ್ವಲ್ಪ ಓರೆ ಮಾಡಿಕೊಂಡು. ನನ್ನನ್ನು ನೋಡುತ್ತಿರಲಿಲ್ಲ. ಸದ್ದು ಕೇಳಿಸಿಕೊಳ್ಳುತ್ತಿದ್ದಳು.